ನೂರಾ ಒಂದನೆಯ ನಂಬರಿನ ಇಬ್ಬರು

ಒಂದು ನಂಬರಿಗೆ ಒಬ್ಬರೇ ಒಡೆಯರಿರಬೇಕು. ಗಜೇಂದ್ರಗಡದ ಬಸಯ್ಯ ಮಾಸ್ತರರು ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕ ತುಂಬಿ ಕಂಡುಕೊಂಡ ಧರ್ಮ ಇದು. ಪ್ರತಿ ಜೂನಿನಲ್ಲಿಯೂ ಹೊಸ ಮಕ್ಕಳನ್ನು ಸಾಲಾಗಿ ಕೂಡ್ರಿಸಿ ಅವರು ಇದನ್ನೇ ಮೊದಲ ಪಾಠವಾಗಿ ಹೇಳುತ್ತಿದ್ದರು. "ಹೆಸರು ಮನ್ಯಾಗ ಇಡತಾರ. ಓಣಿಗೆ ನಾಕು ಮಂದಿ ನೀಲಪ್ಪ ಇದ್ರ ಅದೇನು ಪಾಪ ಅಲ್ಲ. ನಂಬರು ಸಾಲ್ಯಾಗ ಕೊಡತೀವಿ. ಅದು ಇಬ್ಬರಿಗೆ ಹೋತಂದ್ರ ಸಾಲೀನಽ ಸುಳ್ಳು ಹೇಳಿದಂಗ."

ಇಷ್ಟು ಬಲ್ಲ ಮನುಷ್ಯನ ಕೈಯಿಂದಲೇ ಆ ಪಾಪ ಘಟಿಸಿತು. ಘಟಿಸಿದ್ದು ಸಾಲದೆಂದು ಅದಕ್ಕೆ ಸನಾದಿ, ಹಲಗೆಗಳ ಮೆರವಣಿಗೆಯೂ ಆಯಿತು.

೧೯೫೫ರ ಮೇ ತಿಂಗಳು. ಮುಂಜಾನೆ ಹತ್ತರ ಬಸ್ಸಿನಲ್ಲಿ ಬಂದ ಪತ್ರಿಕೆಯಲ್ಲಿ ಮುಲ್ಕಿ ಪರೀಕ್ಷೆಯ ಫಲಿತಾಂಶವಿತ್ತು. ಏಳನೆಯ ಇಯತ್ತೆಯ ಕೊನೆಗೆ ಬರುವ ಈ ಪರೀಕ್ಷೆ ದಾಟಿದವರು ಮಾಸ್ತರಿಕೆಗೂ ಸರಕಾರದ ಸಣ್ಣ ನೌಕರಿಗೂ ಅರ್ಹರಾಗುತ್ತಿದ್ದ ಕಾಲವದು. ಪತ್ರಿಕೆಯವರು ಹೆಸರು ಹಾಕುತ್ತಿರಲಿಲ್ಲ, ಬರೀ ನಂಬರು. ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: "ಜಿಲ್ಲೆಗೆ ಪ್ರಥಮ: ರೋಣ, ನರಗುಂದ, ಗಜೇಂದ್ರಗಡ ವಿಭಾಗದ ನಂಬರು ೧೦೧."

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನೂರಾ ಒಂದು ಎಂದರೆ ನೇಕಾರರ ಓಣಿಯ ಶಿವಬಸವ್ವ. ಮೂವತ್ತು ವರ್ಷದ ಹೆಂಗಸು. ಮಗ್ಗದ ಮೇಲೆ ಸೀರೆಯ ಅಂಚಿನ ಎಳೆ ಎಣಿಸುತ್ತಲೇ ಮಗ್ಗಿ ಕಲಿತವಳು. ಎರಡು ವರ್ಷ ದಿನಾ ಮಧ್ಯಾಹ್ನ ಕುಣಿಮಗ್ಗದಿಂದ ಎದ್ದು ಬಂದು ಸಾಲೆಯ ಪಡಸಾಲೆಯಲ್ಲಿ ಕೂತು ಓದಿದ್ದಳು. ಅವಳು ಪಾಸಾಗುವುದರ ಮೇಲೆ ಇನ್ನೊಂದು ಊರಿನ ಗತಿಯೂ ನಿಂತಿತ್ತು. ಸೂಡಿಯಲ್ಲಿ ಹೆಣ್ಣುಮಕ್ಕಳ ಸಾಲೆ ಮಂಜೂರಾಗಿತ್ತು. ಜೂನ್ ಒಂದನೆಯ ತಾರೀಕಿಗೆ ಕಲಿಸಲು ಮುಲ್ಕಿ ಪಾಸಾದ ಅಕ್ಕೋರೊಬ್ಬರು ಸಿಕ್ಕರೆ ಸಾಲೆ ಉಂಟು, ಸಿಗದಿದ್ದರೆ ಮಂಜೂರಾತಿ ಬೇರೆ ಊರಿಗೆ. ಇಪ್ಪತ್ತೇಳು ಹುಡುಗಿಯರು ಪಾಟಿ, ಬಳಪ ಕೊಂಡು ಇಟ್ಟುಕೊಂಡಿದ್ದರು.

ಸುದ್ದಿ ಓಣಿ ಮುಟ್ಟಿದ ಕೂಡಲೇ ಮಗ್ಗಗಳ ಸಪ್ಪಳ ಒಂದೊಂದಾಗಿ ನಿಂತಿತು. ಶಿವಬಸವ್ವನ ಅತ್ತೆ ಗಾಳೆವ್ವ ಪರಾತದ ತುಂಬ ಸಕ್ಕರೆ ಹಿಡಿದು ಬೀದಿಗೆ ಇಳಿದಳು. ಬೇಕೆಂದವರ ಬಾಯಿಗೆ, ಬೇಡವೆಂದವರ ಬಾಯಿಗೂ ಹಾಕುತ್ತ ನಡೆದಳು. ಸನಾದಿಯವರು ಬಂದರು, ಹಲಗೆಯವರು ಬಂದರು. ಯಾರೋ ಮಾಸ್ತರರ ಬಿಳಿ ಟೋಪಿಯ ಮೇಲೆ ಒಂದು ಬೊಗಸೆ ಗುಲಾಲು ಸುರಿದರು. ದುಡಿಯುವ ದಿನ ಮಗ್ಗ ನಿಲ್ಲಿಸಿ ಕುಣಿಯುವುದು ದೊಡ್ಡ ತಪ್ಪೆಂದು ಮಾಸ್ತರರು ನಾಲ್ಕು ಜನರಿಗೆ ಕಟ್ಟುನಿಟ್ಟಾಗಿ ಹೇಳಿದರು. ಹೇಳಿ, ಮೆರವಣಿಗೆಯ ಎಲ್ಲರಿಗಿಂತ ಮುಂದೆ ನಡೆದರು. ಅವರ ಕಾಲು ಹಲಗೆಯ ಪೆಟ್ಟಿಗೆ ಸರಿಯಾಗಿ ಬೀಳುತ್ತಿದ್ದುದನ್ನು ಅವರೊಬ್ಬರು ಬಿಟ್ಟು ಊರೆಲ್ಲ ನೋಡಿತು.

ಮೆರವಣಿಗೆ ಬಸ್ ಸ್ಟ್ಯಾಂಡಿಗೆ ಬಂದಾಗ ರೋಣದ ಬಸ್ಸೂ ಬಂದು ನಿಂತಿತು. ಅದರ ನೆತ್ತಿಯ ಮೇಲೆಯೂ ಒಂದು ಹಲಗೆ ಬಡಿಯುತ್ತಿತ್ತು. ಒಳಗಿನಿಂದ ಕೊರಳ ತುಂಬ ಮಲ್ಲಿಗೆ ಹಾಕಿಕೊಂಡ ಗಟ್ಟಿಮುಟ್ಟಾದ ಆಳೊಬ್ಬ ಇಳಿದ. ಅವನು ಗೌಸುಸಾಬ, ಹೊಳೆಆಲೂರು ಸ್ಟೇಶನ್ನಿನಿಂದ ರೋಣಕ್ಕೆ ಟಪಾಲಿನ ಚೀಲ ಹೊರುವವನು. ಮುಲ್ಕಿಯಾದರೆ ಚೀಲ ಹೊರುವುದು ತಪ್ಪಿ ಪೋಸ್ಟಮನ್ ಆಗುತ್ತಿದ್ದ. ಗಜೇಂದ್ರಗಡದಲ್ಲಿರುವ ತಂಗಿ ಬಿಸ್ಮಿಲ್ಲಾಳ ಬಾಯಿ ಸಿಹಿ ಮಾಡಬೇಕೆಂದು ಪೇಢೆಯ ಪುಡಿಕೆಯೊಂದಿಗೆ ಬಂದಿದ್ದ.

"ಯಾರ ಮದುವಿರಿ ಇದು?" ಎಂದು ಅವನು ಗಾಳೆವ್ವನನ್ನು ಕೇಳಿದ.

"ಮದುವಿ ಅಲ್ಲೋ ತಮ್ಮಾ. ನನ್ನ ಸೊಸಿ ಜಿಲ್ಲಾಕ್ಕ ಮೊದಲು ಬಂದಾಳ. ಬಾಯಿ ತಗಿ." ಸಕ್ಕರೆ ಹಾಕಿ ಆಮೇಲೆ ಕೇಳಿದಳು, "ನಿಂದ್ಯಾವ ಮೆರವಣಿಗಿ?"

"ನಾನೂ ಜಿಲ್ಲಾಕ್ಕ ಮೊದಲು ಬಂದೀನ್ರಿ ಯವ್ವಾ."

"ಹಂಗಾರ ಜಿಲ್ಲಾ ಎರಡದಾವೇನು?"

ಗೌಸುಸಾಬ ಅಂಗಿಯ ಒಳಜೇಬಿನಿಂದ ಪ್ರವೇಶ ಚೀಟಿ ತೆಗೆದ. ಶಿವಬಸವ್ವ ಸೆರಗಿನ ಗಂಟು ಬಿಚ್ಚಿ ತನ್ನ ಚೀಟಿ ತೆಗೆದಳು. ಎರಡನ್ನೂ ಪಕ್ಕಪಕ್ಕ ಹಿಡಿದರು. ನೂರಾ ಒಂದು; ನೂರಾ ಒಂದು. ಒಂದರ ಕೆಳಗೆ ರೋಣದ ಹೆಡ್ ಮಾಸ್ತರರ ರುಜು, ಇನ್ನೊಂದರ ಕೆಳಗೆ ಬಸಯ್ಯನವರ ದುಂಡನೆಯ, ಎಂದೂ ತಪ್ಪದ ರುಜು.

"ರೋಣದವರು ತಪ್ಪು ಮಾಡ್ಯಾರ," ಎಂದು ಗುಂಪಿನಲ್ಲಿ ಒಬ್ಬ ಕೂಗಿದ. "ನಮ್ಮ ಮಾಸ್ತರು ತಪ್ಪು ಮಾಡೂದಂದ್ರ ಸೂರ್ಯ ನರಗುಂದದಾಗ ಹುಟ್ಟಿದಂಗ." ಎಲ್ಲರೂ ಹೌದೆಂದರು. ಎರಡೂ ಕಡೆಯ ಹಲಗೆಗಳು ಈ ವ್ಯಾಜ್ಯದ ಗೊಡವೆಯಿಲ್ಲದೆ ಆಗಲೇ ಒಂದೇ ಗತ್ತಿಗೆ ಕೂಡಿಕೊಂಡಿದ್ದವು.

ಬಸಯ್ಯನವರು ಬಾಯಿ ತೆರೆದರು. ನಿಜ ಅವರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗೆ ಅವರ ಕೈಯಲ್ಲಿ ಕಲಿತ ಮುನ್ನೂರು ಜನರಿದ್ದರು. ಸುಳ್ಳಿಗಾಗಿ ಅವರಿಂದ ಬೆತ್ತದ ರುಚಿ ಕಂಡವರೇ ಅರ್ಧಕ್ಕರ್ಧ. "ನಾಳೆ ಧಾರವಾಡಕ್ಕ ಹೋಗಿ ಪರೀಕ್ಷಾ ಕಚೇರ್ಯಾಗ ಕೇಳೂಣು," ಎಂದಷ್ಟೇ ಅಂದರು. ಹೇಡಿತನಕ್ಕೆ ಇದಕ್ಕಿಂತ ಸಭ್ಯವಾದ ಮಾತು ಕನ್ನಡದಲ್ಲಿ ಇರಲಿಕ್ಕಿಲ್ಲ.

ನಡೆದದ್ದೇನೆಂದರೆ, ಹಿಂದಿನ ವರ್ಷ ಮೂರೂ ಊರಿಗೆ ಒಂದೇ ಪಟ್ಟಿಯಿತ್ತು, ಅದು ರೋಣದಲ್ಲಿತ್ತು. ಅರ್ಜಿ ಬಂದಾಗ ನರಗುಂದದವರು ಕಾರ್ಡು ಬರೆದು "ಕೊನೆಯ ನಂಬರು ಎಷ್ಟು?" ಎಂದು ಕೇಳಬೇಕು, "ನಲವತ್ತಾರು" ಎಂದು ಉತ್ತರ ಬಂದರೆ ಒಂದು ಕೂಡಿಸಿ ನಲವತ್ತೇಳು ಕೊಡಬೇಕು. ಅದೇ ದಿನ ಗಜೇಂದ್ರಗಡದ ಕಾರ್ಡಿಗೂ "ನಲವತ್ತಾರು" ಎಂದೇ ಉತ್ತರ ಹೋಯಿತು. ಅದೇ ದಿನ ರೋಣದ ಬಾಗಿಲಲ್ಲಿಯೂ ಒಬ್ಬ ಅರ್ಜಿ ಹಿಡಿದು ನಿಂತಿದ್ದ. ಕೇಳಿದವರೆಲ್ಲರೂ ನಿಯಮದಂತೆ ಕೇಳಿದ್ದರು, ಹೇಳಿದವರು ನಿಜವನ್ನೇ ಹೇಳಿದ್ದರು. ಪರೀಕ್ಷೆಯ ದಿನ ಮಾತ್ರ ನಲವತ್ತೇಳನೆಯ ನಂಬರಿನವರು ಮೂವರು ಬಂದು ಕೂತರು.

ಆಗ ಬಸಯ್ಯನವರೇ ಹೊಸ ಏರ್ಪಾಡು ಹುಡುಕಿದರು. ಯಾರೂ ಯಾರನ್ನೂ ಕೇಳುವುದು ಬೇಡ. ಊರಿಗೆ ನೂರು ನಂಬರು ಮೊದಲೇ ಹಂಚಿಬಿಡೋಣ. ಸೂರ್ಯ ಮೂಡುವ ಕಡೆಯಿಂದ ಹಿಡಿದು ಗಜೇಂದ್ರಗಡಕ್ಕೆ ಒಂದರಿಂದ ನೂರು, ರೋಣಕ್ಕೆ ನೂರಾ ಒಂದರಿಂದ ಇನ್ನೂರು, ನರಗುಂದಕ್ಕೆ ಇನ್ನೂರಾ ಒಂದರಿಂದ ಮುನ್ನೂರು. "ನಿಮ್ಮಲ್ಲೆ ನೂರಾ ಒಂದನೇ ಮನಶಾ ಬಂದ್ರ ಏನ್ ಮಾಡತೀರಿ?" ಎಂದು ನರಗುಂದದ ಮುದಿಯಪ್ಪ ಮಾಸ್ತರರು ಕೆಣಕಿದ್ದರು. "ಮುಂದಿನ ವರ್ಷ ಬಾ ಅಂತೀನಿ," ಎಂದು ಬಸಯ್ಯನವರು ಗದ್ದ ಎತ್ತಿ ಉತ್ತರಿಸಿದ್ದರು.

ನೂರಾ ಒಂದನೆಯವರು ಬರಲಿಲ್ಲ. ಬಸಯ್ಯನವರನ್ನು ಸೋಲಿಸಿದ್ದು ನೂರನೆಯವಳು.

ಅರ್ಜಿಯ ಕೊನೆಯ ದಿನ ಶಿವಬಸವ್ವ ಅತ್ತೆಯೊಂದಿಗೆ ಬಂದಳು. ಉಳಿದದ್ದು ಒಂದೇ ನಂಬರು. ಮಾಸ್ತರರು ಚೀಟಿಯ ಮೇಲೆ ಒಂದನ್ನೂ ಎರಡು ಸೊನ್ನೆಗಳನ್ನೂ ಬರೆಯಲು ದೌತಿಗೆ ಟಾಕು ಅದ್ದಿದಾಗ ಗಾಳೆವ್ವ ಅವರ ಮಣಿಕಟ್ಟಿನ ಮೇಲೆ ಕೈಯಿಟ್ಟಳು.

"ಸೊನ್ನಿ ಬರೀಬ್ಯಾಡ್ರಿ ಮಾಸ್ತರ್ರ. ಉಡಿ ತುಂಬುವಾಗ ಹತ್ತು ಅಡಿಕಿ ಹಾಕತಾರೇನು? ಹನ್ನೊಂದು ಹಾಕತಾರ. ಸೊನ್ನಿ ಅಂದ್ರ ಖಾಲಿ ಕೊಡ. ನೀವು ನನ್ನ ಸೊಸಿ ಮುಂದ ಎರಡು ಖಾಲಿ ಕೊಡ ಇಟ್ಟು ಪರೀಕ್ಷಾಕ್ಕ ಕಳಸತೀರೇನು?"

"ಇದು ಮೂಢನಂಬಿಕಿ ಗಾಳೆವ್ವ."

"ಇರಲಿ. ಎರಡು ವರ್ಷ ದಿನಾ ಮಗ್ಗ ಬಿಟ್ಟು ನಿಮ್ಮಲ್ಲೆ ಕಳಿಸೀನಿ. ಆಕಿ ಪಾಲಿನ ಹೊಕ್ಕು ನಾ ಹಾಕೀನಿ. ನಾನು ಏನರ ಕೇಳೀನೇನು? ಒಂದು ಹೆಚ್ಚಿಗಿ ಹಾಕ್ರಿ ಅಂತ ಕೇಳತೀನಿ."

ಮಾಸ್ತರರು ಪುಸ್ತಕ ನೋಡಿದರು. ಅವರ ಪುಸ್ತಕದಲ್ಲಿ ನೂರಾ ಒಂದರ ಮನೆ ಖಾಲಿಯಿತ್ತು. ಮುಪ್ಪಿನ ಕಣ್ಣಿನಿಂದ ಸೊಸೆಯ ಪಾಲಿನ ಸೀರೆಯನ್ನೂ ನೇಯ್ದ ಆ ಮುದುಕಿಯ ಬೆರಳ ಗಂಟುಗಳನ್ನು ನೋಡಿದರು. ತನ್ನ ಪುಸ್ತಕದಲ್ಲಿ ಖಾಲಿಯಿದ್ದದ್ದು ಜಗತ್ತಿನಲ್ಲೆಲ್ಲ ಖಾಲಿಯಿದೆ ಎಂದು ತಿಳಿಯುವುದು ದೊಡ್ಡ ಮೂರ್ಖತನ; ಒಳ್ಳೆಯ ಮನುಷ್ಯ ಕರುಣೆಯ ಭರದಲ್ಲಿ ಮಾಡಿದರೂ ಅದು ಮೂರ್ಖತನವೇ. ಅವರು ೧೦೧ ಎಂದು ಬರೆದರು. ಅಷ್ಟೊತ್ತಿಗೆ ರೋಣದಲ್ಲಿ ಮೊಟ್ಟಮೊದಲು ಅರ್ಜಿ ಕೊಟ್ಟ ಗೌಸುಸಾಬ ಅದೇ ನಂಬರಿನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹದಿನೈದು ದಿನವಾಗಿತ್ತು.

ಮರುದಿನ ಹೊಳೆಆಲೂರಿನಲ್ಲಿ ಮಾಸ್ತರರು, ಅತ್ತೆ-ಸೊಸೆ, ಗೌಸುಸಾಬ ನಾಲ್ವರೂ ಧಾರವಾಡದ ರೈಲು ಹತ್ತಿದರು. ಮಲ್ಲಾಪುರ ದಾಟುವವರೆಗೂ ಮಾಸ್ತರರು ಕಿಟಕಿಯ ಕಡೆಗೇ ನೋಡುತ್ತಿದ್ದರು. ಆಮೇಲೆ ತಿರುಗಿ, ಎಲ್ಲವನ್ನೂ ಹೇಳಿದರು.

ಮೊದಲು ಮಾತಾಡಿದವನು ಗೌಸುಸಾಬ. "ಹಂಗಾರ ನಾ ಖರೇ ನೂರಾ ಒಂದು?"

"ನೀನು ಖರೇ. ತಪ್ಪು ನಂದು."

"ಮತ್ತ ಅಕ್ಕಾರು?"

ಗಾಳೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಅಡಿಕಿ ಹತ್ತಽ ಹಾಕಿದ್ರ ಆಗತಿತ್ತು," ಎಂದಳು. ಶಿವಬಸವ್ವ ಮಾತ್ರ ಪೇಢೆಯ ಪುಡಿಕೆಯ ಕಾಗದದ ಮೇಲೆ ಏನೋ ಬರೆಯುತ್ತ ಕೂತಿದ್ದಳು. "ಮಾಸ್ತರ್ರ," ಎಂದಳು ಸ್ವಲ್ಪ ಹೊತ್ತಿಗೆ, "ನಾವಿಬ್ಬರೂ ಬರದ ಪೇಪರು ಎರಡದಾವು, ಪತ್ರಿಕ್ಯಾಗ ಸಾಲು ಒಂದಽ ಅದ. ಇನ್ನೊಬ್ಬರ ಅಂಕಿ ಎಲ್ಲಿ ಹೋತು?"

ಅಂಕಿ ಎಲ್ಲಿ ಹೋಗಿತ್ತೆಂಬುದನ್ನು ಪರೀಕ್ಷಾ ಕಚೇರಿಯ ಕಾರಕೂನ ಪರಪ್ಪ ದೊಡ್ಡ ಪುಸ್ತಕ ತೆಗೆದು ತೋರಿಸಿದ. ನೂರಾ ಒಂದರ ಸಾಲಿನಲ್ಲಿ ಕನ್ನಡಕ್ಕೆ ನೂರಾ ನಲವತ್ತೆಂಟು, ಗಣಿತಕ್ಕೆ ನೂರಾ ಮೂವತ್ತೊಂಬತ್ತು, ವಿಜ್ಞಾನಕ್ಕೆ ನೂರಾ ಮೂವತ್ತಾರು, ಇತಿಹಾಸ-ಭೂಗೋಳಕ್ಕೆ ನೂರಾ ಹನ್ನೆರಡು. ಒಟ್ಟು ನಾಲ್ಕುನೂರಕ್ಕೆ ಐದುನೂರಾ ಮೂವತ್ತೈದು.

"ಒಂದಽ ನಂಬರಿನ ಎರಡು ಉತ್ತರ ಪುಸ್ತಕ ಬಂದ್ರ ಒಂದು ಪುರವಣಿ ಅಂತ ತಿಳಕೊಂಡು ಕೂಡಿಸಬೇಕು. ಹಂಗಂತ ನಿಯಮ ಅದರಿ," ಎಂದ ಪರಪ್ಪ ಹೆಮ್ಮೆಯಿಂದ.

"ನೂರಕ್ಕ ನೂರಾ ನಲವತ್ತೆಂಟು ಬಂದಾಗ ನಿಮಗೇನೂ ಅನಿಸಲಿಲ್ಲೇನು?" ಎಂದು ಕೇಳಿದರು ಮಾಸ್ತರರು.

"ನನ್ನ ಕೆಲಸ ಕೂಡಿಸೂದರಿ. ಆಶ್ಚರ್ಯಪಡೂದು ಸಾಹೇಬರ ಕೆಲಸ."

ಬಸಯ್ಯನವರ ರೋಷ ನೆತ್ತಿಗೇರಿತು. ಕೂಡಿಸಬಲ್ಲವನು ಬೆರಗಾಗಲಾರನೆಂದರೆ ಅವನಿಗೆ ಕೂಡಿಸಲು ಕಲಿಸಿದ ಮಾಸ್ತರನ ಗತಿಯೇನು ಎಂದು ಕೇಳಬೇಕೆಂದಿದ್ದರು. ಕೇಳುವ ಅಧಿಕಾರವನ್ನು ತಾವು ಕಳೆದುಕೊಂಡದ್ದು ನೆನಪಾಯಿತು. ಅಷ್ಟರಲ್ಲಿ ಶಿವಬಸವ್ವ ಮೇಜಿನ ಮೇಲೆ ಬಾಗಿದ್ದಳು.

"ತಡೀರಿ. ಯಾರಿಗೂ ನೂರಕ್ಕಿಂತ ಹೆಚ್ಚು ಬರಾಂಗಿಲ್ಲ, ಹೌದಲ್ರಿ? ಕನ್ನಡದಾಗ ಒಬ್ಬರಿಗೆ ನೂರಕ್ಕ ನೂರು ಕೊಟ್ಟರೂ ಇನ್ನೊಬ್ಬರಿಗೆ ನಲವತ್ತೆಂಟು ಉಳೀತದ. ಗಣಿತದಾಗ ಮೂವತ್ತೊಂಬತ್ತು. ವಿಜ್ಞಾನದಾಗ ಮೂವತ್ತಾರು. ಪಾಸಿಗೆ ಮೂವತ್ತೈದು ಸಾಕು. ಮೂರೂ ವಿಷಯದಾಗ ಇಬ್ಬರೂ ಪಾಸ್."

ಗೌಸುಸಾಬ ಪರಪ್ಪನ ಕೈ ಹಿಡಿದು ಕುಲುಕಿದ. ಗಾಳೆವ್ವ ಕಚೇರಿಯ ಕಂಬವನ್ನು ಸುತ್ತಿ ಬಂದಳು. ಬಸಯ್ಯನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾವು ಕಲಿಸದೆ ಇದ್ದ ಲೆಕ್ಕವನ್ನು ಶಿಷ್ಯೆ ನಿಂತಲ್ಲೇ ಬಿಡಿಸಿದ್ದಳು.

"ಇತಿಹಾಸ-ಭೂಗೋಳ?" ಎಂದ ಪರಪ್ಪ.

ನೂರಾ ಹನ್ನೆರಡು. ಒಬ್ಬರಿಗೆ ನೂರಾದರೆ ಇನ್ನೊಬ್ಬರಿಗೆ ಹನ್ನೆರಡು. ಶಿವಬಸವ್ವ ಕಾಗದ ಮಡಚಿದಳು. ಎಲ್ಲರೂ ಸಾಹೇಬರ ಕೋಣೆಗೆ ಹೋದರು.

ಸಾಹೇಬರು ಎಲ್ಲವನ್ನೂ ಕೇಳಿ, ಉತ್ತರ ಪುಸ್ತಕಗಳ ಗಂಟು ತರಿಸಿದರು. "ಮಾಸ್ತರ, ಕೂಡ್ರಿ. ಮೊದಲಿಗೆ ಪೇಪರ್ ನೋಡೋಣ. ಇಬ್ಬರೂ ಪಾಸಾಗಿದ್ದರ ಯಾರ ತಪ್ಪು ಅಂತ ಕೆದಕೋದು ಬ್ಯಾಡ. ಆಗದಿದ್ದರ ತಪ್ಪು ಯಾರದಂತ ಬರಕೊಡ್ರಿ."

"ಇಲ್ಲರಿ ಸಾಹೇಬರ," ಎಂದರು ಬಸಯ್ಯನವರು. "ಗಂಟು ಬಿಚ್ಚೂದಕ್ಕಿಂತ ಮೊದಲು ಬರೀತೀನಿ. ಪಾಸಾಗ್ಯಾಳಂತ ತಿಳದ ಮ್ಯಾಲ ಬರದ್ರ ಅದು ತಪ್ಪೊಪ್ಪಿಗಿ ಅಲ್ಲ, ಜಂಬ."

"ಬರದ್ರ ಏನಾಗತದ ಗೊತ್ತದೇನು? ಅಧಿಕೃತ ನಂಬರ್ ಇಲ್ಲದವರು ಪರೀಕ್ಷಾಕ್ಕ ಕೂತಽ ಇಲ್ಲ ಅಂತ ನಿಯಮ. ನಿಮ್ಮ ಪ್ರಾಮಾಣಿಕತನಕ್ಕ ಆಕಿ ವರ್ಷ ಹೋಗತದ."

ಮಾಸ್ತರರ ಟಾಕು ಗಾಳಿಯಲ್ಲೇ ನಿಂತಿತು. ಸೂಡಿಯ ಇಪ್ಪತ್ತೇಳು ಪಾಟಿಗಳು ಅವರ ಕಣ್ಣ ಮುಂದೆ ಬಂದವು. ರೋಣದವರ ತಪ್ಪೆಂದು ಒಂದು ಮಾತು ಅಂದರೆ ಸಾಕಿತ್ತು. ಆಗ ಹೋಗುವುದು ಗೌಸುಸಾಬನ ವರ್ಷ. ಅವರು ಶಿವಬಸವ್ವನ ಕಡೆಗೆ ನೋಡಿದರು.

"ಬರೀರಿ," ಎಂದಳು ಅವಳು. "ಇನ್ನೊಬ್ಬರ ನಂಬರ್ ಇಟಗೊಂಡು ನಾ ಸೂಡಿ ಹುಡುಗ್ಯಾರಿಗೆ ಏನಂತ ಕಲಸಲಿ?"

ಅವರು ಬರೆದರು. ಅಕ್ಷರ ಎಂದಿನಂತೆ ದುಂಡಗೇ ಬಂತು. ಸಾಹೇಬರು ಓದಿದರು, ಗಜೇಂದ್ರಗಡದ ಪಟ್ಟಿಯನ್ನು ತರಿಸಿ ಅದರ ಪಕ್ಕದಲ್ಲಿಟ್ಟರು, ಬೆರಳಿಟ್ಟು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಕಡೆಗೆ ಅವರ ಮೀಸೆ ಒಂದು ಬದಿಗೆ ಏರಿತು.

"ನಿಮಗ ಮಂಜೂರಾದದ್ದು ನೂರು ಜಾಗ. ಕೂತವರು ನೂರು ಮಂದಿ. ತೊಂಬತ್ತೊಂಬತ್ತಕ್ಕ ಒಡೆಯರಿದ್ದಾರ, ನೂರು ಅನ್ನೂದು ಯಾರಿಗೂ ಹೋಗಿಲ್ಲ. ಜಾಗ ಈಕಿದಽ ಅದ. ಮಾಸ್ತರು ಬಾಗಲಕ್ಕ ಬ್ಯಾರೆ ನಂಬರ್ ಬರದಾರ, ಅಷ್ಟ. ಪರಪ್ಪ, ತಿದ್ದು. ಯವ್ವಾ, ನಿಮ್ಮದೇನರ ತಕರಾರು?"

ಈ ಕೊನೆಯ ಮಾತು ಗಾಳೆವ್ವನಿಗೆ. "ಬರೀಲಿ ಬರೀಲಿ," ಎಂದಳು ಅವಳು, "ಇನ್ನೂ ಎರಡು ಸೊನ್ನಿ ಬೇಕಾದ್ರೂ ಬರೀಲಿ. ಗಂಟು ಬಿಚ್ಚರಿ ಮೊದಲ."

ಗಂಟು ಬಿಚ್ಚಿದರು. ಇತಿಹಾಸ-ಭೂಗೋಳದ ಎರಡರಲ್ಲಿ ಮೇಲಿನ ಪುಸ್ತಕದ ಮೇಲೆ ಎಪ್ಪತ್ತೊಂದು ಎಂದಿತ್ತು. ಒಳಗೆ ಮಲಪ್ರಭಾ ನದಿಯ ಮೇಲಿನ ಪ್ರಶ್ನೆಗೆ ಎರಡೂವರೆ ಪುಟದ ಉತ್ತರ: ಶ್ರಾವಣದಲ್ಲಿ ಹೊಳೆಆಲೂರಿನ ಹತ್ತಿರ ನೀರು ಎದೆಯವರೆಗೆ ಬರುವುದು, ಆಗ ಚೀಲವನ್ನು ತಲೆಯ ಮೇಲೆ ಇಟ್ಟುಕೊಳ್ಳತಕ್ಕದ್ದು. ಯಾರದೆಂದು ಕೇಳುವ ಕಾರಣವಿರಲಿಲ್ಲ. ಗೌಸುಸಾಬ ನಾಚಿ ಕಾಲ ಬೆರಳು ನೋಡುತ್ತಿದ್ದ. ಶಿವಬಸವ್ವನ ತುಟಿಗಳು ಅಲುಗಿದವು. ನೂರಾ ಹನ್ನೆರಡರಲ್ಲಿ ಎಪ್ಪತ್ತೊಂದು ಕಳೆಯಲು ಅವಳಿಗೆ ಕಾಗದ ಬೇಕಾಗಲಿಲ್ಲ. ಕೆಳಗಿನ ಪುಸ್ತಕ ತೆಗೆಯುವುದಕ್ಕಿಂತ ಮೊದಲೇ ಅವಳು ಗೋಡೆಗೆ ಒರಗಿ, ಮುಖ ಮುಚ್ಚಿಕೊಂಡು ನಕ್ಕಳು.

ನಲವತ್ತೊಂದು.

ಶಿಕ್ಷೆಯೂ ಬಂತು. ಬರುವ ವರ್ಷದಿಂದ ಮೂರೂ ಊರಿಗೆ ನಂಬರು ಹಂಚುವ ಅಧಿಕಾರ ನರಗುಂದದ ಮುದಿಯಪ್ಪ ಮಾಸ್ತರರಿಗೆ. ಜಿಲ್ಲೆಗೆ ಪ್ರಥಮ ಸ್ಥಾನವೂ ಈಗ ಇನ್ನೂರಾ ಹದಿನಾರಕ್ಕೆ ಹೋಯಿತು, ಅದೂ ನರಗುಂದದ್ದೇ. ಬಸಯ್ಯನವರು ಎರಡನ್ನೂ ನೀರಿಲ್ಲದೆ ನುಂಗಿದರು. ನುಂಗಲಾರದ ತುತ್ತು ಇನ್ನೊಂದಿತ್ತು, ಅದು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿತ್ತು.

ಮರುದಿನ ಮಧ್ಯಾಹ್ನ ಬಸ್ಸು ಬಂದು ನಿಂತಾಗ ಊರು ನೆರೆದಿತ್ತು. ಮಾಸ್ತರರು ಬಸ್ಸಿನ ಪಾವಟಿಗೆಯ ಮೇಲೆಯೇ ನಿಂತರು. ಕೆಳಗೆ ಇಳಿದರೆ ಧೈರ್ಯವೂ ಇಳಿದೀತೆಂಬ ಭಯ. "ಮಹಾಜನರ," ಎಂದರು, "ರೋಣದವರು ತಪ್ಪು ಮಾಡಿಲ್ಲ. ಮೊನ್ನೆ ಇದಽ ಜಾಗಾದಾಗ ನೀವು ಹಂಗಂದಾಗ ನಾ ಸುಮ್ಮನಿದ್ದೆ. ಎರಡನೇ ನೂರಾ ಒಂದು ಬರದಾಂವ ನಾನು. ಶಿವಬಸವ್ವ ಜಿಲ್ಲಾಕ್ಕ ಮೊದಲಲ್ಲ."

ಸನಾದಿಯ ಮುದುಕ ಪೀಪಿಯನ್ನು ತುಟಿಯಿಂದ ತೆಗೆದು, ಕೆಲಸದ ಮಾತು ಕೇಳುವವನಂತೆ ಕೇಳಿದ: "ಪಾಸಾಗ್ಯಾಳೋ ಇಲ್ಲೋ? ಅಷ್ಟ ಹೇಳ್ರಿ."

"ಪಾಸಾಗ್ಯಾಳ. ಇಬ್ಬರೂ ಪಾಸು. ಆದರ ನಾ ಹೇಳೂದು ಏನಂದ್ರ..."

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಸನಾದಿ ದನಿ ಎತ್ತಿತು, ಹಲಗೆಗಳಿಗೆ ಪೆಟ್ಟು ಬಿದ್ದವು, ಬಿಸ್ಮಿಲ್ಲಾ ಓಣಿಯ ಹೆಂಗಸರೊಂದಿಗೆ ಗುಲಾಲಿನ ಬುಟ್ಟಿ ಹೊತ್ತು ನುಗ್ಗಿದಳು. ಗಾಳೆವ್ವ ಗೌಸುಸಾಬನ ತಲೆಯ ಮೇಲೆ ಒಂದು ಬೊಗಸೆ, ಡ್ರೈವರನ ತಲೆಯ ಮೇಲೆ ಒಂದು ಬೊಗಸೆ ಸುರಿದಳು. ಬಸಯ್ಯನವರು ಮಾತ್ರ ಪಾವಟಿಗೆ ಬಿಟ್ಟು ಇಳಿಯಲಿಲ್ಲ. ತಪ್ಪೊಪ್ಪಿಗೆಯನ್ನು ಅರ್ಧಕ್ಕೆ ನಿಲ್ಲಿಸುವುದು ಇನ್ನೊಂದು ತಪ್ಪೆಂದು ತಿಳಿದವರು. ಬಣ್ಣದ ಮೋಡದೊಳಗೆ ನಿಂತು, ಕೈಯೆತ್ತಿ, ಕಾರ್ಡಿನ ಕಥೆಯನ್ನೂ ಖಾಲಿ ಮನೆಯ ಕಥೆಯನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಶಿಷ್ಯೆಯ ಅಂಕಿಗಳನ್ನೂ ಒಂದೊಂದಾಗಿ ಹೇಳಿದರು: ಕನ್ನಡ ಎಂಬತ್ತೆರಡು, ಗಣಿತ ಎಂಬತ್ತೆಂಟು, ವಿಜ್ಞಾನ ಅರವತ್ತಮೂರು. ಇತಿಹಾಸ-ಭೂಗೋಳಕ್ಕೆ ಬಂದಾಗ ಅವರು ಅಭಿಮಾನದಿಂದ ದನಿ ಏರಿಸಿದರು.

"ಎಪ್ಪತ್ತೊಂದು," ಎಂದರು.

ಅವರ ಪಕ್ಕದಲ್ಲಿ, ಬಸ್ಸಿನ ಬಾಗಿಲಿಗೆ ಆತು ನಿಂತ ಶಿವಬಸವ್ವ ಒಬ್ಬಳಿಗೇ ಅದು ಕೇಳಿಸಿತು. ಅವಳು ರೆಪ್ಪೆಯ ಮೇಲಿನ ಗುಲಾಲು ಒರೆಸಿಕೊಂಡು, ಅವರ ಕಿವಿಯ ಹತ್ತಿರ ಬಾಗಿದಳು.

"ಅದು ಅಣ್ಣಾರದು, ಮಾಸ್ತರ್ರ. ನಂದು ನಲವತ್ತೊಂದು. ಮತ್ತೊಮ್ಮೆ ಹೇಳ್ರಿ."

ಅವರು ಮತ್ತೊಮ್ಮೆ ಹೇಳಿದರು.